ನಾದಿನಿಯ ಹೆಬ್ಬೆಟ್ಟು

ನನ್ನ ಹೆಬ್ಬೆಟ್ಟಿನಲ್ಲಿ ಗೆರೆ ಇಲ್ಲ. ಆಸಿಡ್ ತಿಂದುಹಾಕಿದೆ.

ಇಪ್ಪತ್ತೆರಡು ವರ್ಷದಿಂದ ಒಂದೇ ಆಸ್ಪತ್ರೆಯ ಕಕ್ಕಸು ತೊಳೀತಿದ್ದೀನಿ. ಎರಡನೇ ಮಹಡಿ ನನ್ನದು. ಹದಿನಾಲ್ಕು ಕಕ್ಕಸು, ಆರು ಬೇಸಿನ್. ಬೆಳಿಗ್ಗೆ ಆರಕ್ಕೆ ಒಂದು ಸಲ, ಹನ್ನೊಂದಕ್ಕೆ ಒಂದು ಸಲ, ಮೂರಕ್ಕೆ ಒಂದು ಸಲ. ಕೈಗವಸು ಕೊಡ್ತಾರೆ, ಇಲ್ಲ ಅನ್ನಲ್ಲ. ವರ್ಷಕ್ಕೆ ಎರಡು ಜೊತೆ. ಹದಿನೈದು ದಿನಕ್ಕೆ ತೂತು ಬೀಳುತ್ತೆ. ತೂತು ಬಿದ್ದ ಗವಸಿನೊಳಗೆ ಆಸಿಡ್ ನಿಂತ್ಕೊಂಡ್ರೆ ಬರಿಗೈಗಿಂತ ಕಡೆ. ಅದಕ್ಕೇ ಬರಿಗೈಲೇ ತೊಳೀತೀವಿ. ಮೊದಲು ಒಂದೆರಡು ವರ್ಷ ಉರಿಯುತ್ತೆ. ಆಮೇಲೆ ಚರ್ಮ ನುಣ್ಣಗಾಗಿ ಏನೂ ಗೊತ್ತಾಗಲ್ಲ. ಬಿಸಿ ಲೋಟ ಹಿಡಿದ್ರೂ ಗೊತ್ತಾಗಲ್ಲ.

ನಾವು ಹೀಗೆ ಹತ್ತು ಜನ ಹೆಂಗಸರು. ಇಂಕ್ ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಒತ್ತಿದ್ರೆ ಹತ್ತೂ ಜನರದ್ದು ಬರೀ ಕರೀ ಮಚ್ಚೆ. ಬ್ಯಾಂಕಿನಲ್ಲಿ ಮಚ್ಚೆ ನಡೆಯಲ್ಲ. ಮೇಲಿನ ಆಫೀಸು ವಾಪಸ್ ಕಳಿಸುತ್ತಂತೆ, ಗೆರೆ ಕಾಣಬೇಕಂತೆ. ಸಂಬಳ ತೆಗೆಯೋಕೆ ಹೋದಾಗೆಲ್ಲ ಮೂರು ಮೂರು ಸಲ ಒತ್ತಿಸಿ, ಚೀಟಿ ಹರಿದುಹಾಕಿ, "ಹೋಗು, ಕೈ ತೊಳ್ಕೊಂಡು ಬಾ" ಅಂತ ಹೊರಗೆ ಕಳಿಸೋರು. ತೊಳೆದೂ ತೊಳೆದೂ ತಾನೇ ಸ್ವಾಮಿ ಹೀಗಾಗಿದ್ದು? ಇನ್ನೆಷ್ಟು ತೊಳೀಲಿ?

ಮೂರು ವರ್ಷದ ಹಿಂದೆ ನಾದಿನಿ ಬಂದ ಮೇಲೆ ಒಂದು ದಾರಿ ಆಯ್ತು. ನಾದಿನಿ ಅಂದ್ರೆ ನನ್ನ ಗಂಡನ ತಂಗಿ. ನನ್ನ ಗಂಡ ಸತ್ತ, ಅವಳ ಗಂಡ ಬಿಟ್ಟುಹೋದ. ಇಬ್ಬರೂ ಒಂದೇ ಕೋಣೆ ಬಾಡಿಗೆಗೆ ಹಿಡಿದಿದ್ದೀವಿ. ಅವಳಿಗೆ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ ಕೊಡಿಸಿದೆ. ಒಗೆದು ಬಂದ ಹಾಸಿಗೆ ಬಟ್ಟೆ ಮಡಚೋದು. ಸೊಂಟ ಬೀಳುತ್ತೆ, ಕೈ ಕೆಡಲ್ಲ. ಮೊದಲ ತಿಂಗಳು ನನ್ನ ಜೊತೆ ಬ್ಯಾಂಕಿಗೆ ಬಂದಿದ್ದಳು. ನನ್ನ ಮಚ್ಚೆ ಎರಡು ಸಲ ವಾಪಸ್ ಬಂತು. ಕೌಂಟರಿನವನಿಗೆ ಊಟದ ಹೊತ್ತು. "ಎಲ್ಲಿ, ನಿನ್ನ ಕೈ ಕೊಡು" ಅಂತ ಅವಳ ಕೈ ಎಳ್ಕೊಂಡು ನನ್ನ ಚೀಟಿ ಮೇಲೆ ಒತ್ತಿದ. ಸುಳಿ ಸುಳಿಯಾಗಿ ಎಷ್ಟು ಚೆಂದ ಬಿತ್ತು ಅಂತೀರಿ! "ನೋಡು, ಹೆಬ್ಬೆಟ್ಟು ಅಂದ್ರೆ ಹೀಗಿರಬೇಕು" ಅಂತ ನನಗೆ ಬುದ್ಧಿ ಬೇರೆ ಹೇಳಿದ.

ಅವತ್ತಿನಿಂದ ಹತ್ತೂ ಜನರ ಚೀಟಿಗೂ ನಾದಿನಿಯದೇ ಹೆಬ್ಬೆಟ್ಟು. ಸಂಬಳದ ದಿನ ಅವಳನ್ನ ಮುಂದೆ ನಿಲ್ಲಿಸ್ಕೊಂಡು ಹೋಗೋದು. ನಮಗ್ಯಾರಿಗೂ ಅದು ತಪ್ಪು ಅಂತ ಅನ್ನಿಸಲೇ ಇಲ್ಲ. ಪಕ್ಕದ ಮನೆಯಿಂದ ಬಕೆಟ್ಟು ಇಸ್ಕೊಂಡ ಹಾಗೆ. ಮೂರನೇ ಮಹಡಿಯ ದಪ್ಪಕ್ಕ ಅವಳನ್ನ ರೇಗಿಸೋಳು: "ಜೋಪಾನ ಕಣೇ, ಹತ್ತು ಸಂಸಾರ ನಡೆಸೋ ಹೆಬ್ಬೆಟ್ಟು ಅದು. ತರಕಾರಿ ಹೆಚ್ಚೋವಾಗ ಆ ಕೈ ಆಚೆ ಇಟ್ಕೋ."

ಆ ಕೌಂಟರಿನವನಿಗೆ ನಾವು ನಗುಮುಖ ಅಂತ ಹೆಸರಿಟ್ಟಿದ್ದೆವು. ನಲವತ್ತು ದಾಟಿದ ಗಂಡಸು. ಬೈಯೋವಾಗಲೂ ಹಲ್ಲು ಕಾಣೋದು.

ಹೋದ ವರ್ಷ ಹಳೇ ಗುತ್ತಿಗೆದಾರ ಆಸ್ಪತ್ರೆ ಬಿಟ್ಟುಹೋದ. ಬಿಡೋವಾಗ ಅವನು ಇಷ್ಟು ವರ್ಷ ನಮ್ಮೆಲ್ಲರ ಸಂಬಳದಲ್ಲಿ ಹಿಡಿದಿಟ್ಟಿದ್ದ ಗಂಟು ನಮ್ಮ ಬ್ಯಾಂಕ್ ಖಾತೆಗೆ ಹಾಕಬೇಕಾಯ್ತು. ಹಾಕಿದ ಮಾರನೇ ದಿನವೇ ನಗುಮುಖ ಆಸ್ಪತ್ರೆಗೆ ಬಂದ. ನೆಲಮಾಳಿಗೆಗೆ ಬಂದ! ಲಿಫ್ಟಿನ ಯಂತ್ರದ ಪಕ್ಕ, ನಾವು ಬ್ರಷ್ಷು ಬಕೆಟ್ಟು ಇಟ್ಟು ಊಟಕ್ಕೆ ಕೂರೋ ಜಾಗಕ್ಕೆ. ಟೈ ಕಟ್ಟಿದವನು ಅಲ್ಲಿಗೆ ಯಾವತ್ತೂ ಬಂದಿದ್ದಿಲ್ಲ. "ಏನಕ್ಕ, ಊಟ ಆಯ್ತಾ?" ಅಂದ. ಬಾಯಿ ತುಂಬ ಅಕ್ಕ ಅಂದ. ನಾವು ಕರಗಿಹೋದೆವು. ಈಗ ನೆನೆಸ್ಕೊಂಡ್ರೆ ನನ್ನ ಕೆನ್ನೆಗೆ ನಾನೇ ಬಾರಿಸ್ಕೊಬೇಕು ಅನ್ನಿಸುತ್ತೆ. ಒಂದು ಅಕ್ಕ ಅನ್ನೋ ಮಾತಿಗೆ ಇಪ್ಪತ್ತೆರಡು ವರ್ಷ ಕೊಟ್ಟುಬಿಟ್ಟೆ.

"ಸುಮ್ನೆ ಖಾತೇಲಿ ಇಟ್ರೆ ಕರಗುತ್ತಕ್ಕ. ಡೆಪಾಸಿಟ್ಟಿಗೆ ಹಾಕಿ. ಒಂದು ವರ್ಷ ಮುಟ್ಟಬೇಡಿ. ಆಮೇಲೆ ತಿಂಗಳು ತಿಂಗಳು ಬಡ್ಡಿ ತಿನ್ನಿ" ಅಂದ. ಹತ್ತೂ ಜನ ಬ್ಯಾಂಕಿಗೆ ಹೋದೆವು. ಒಬ್ಬೊಬ್ಬರಿಗೂ ಒಂದೊಂದು ಕಂತೆ ಕಾಗದ. ನಾದಿನಿ ಒತ್ತಿದಳು, ಒತ್ತಿದಳು, ಒತ್ತಿದಳು. ನಗುಮುಖ ಅವಳ ಮಣಿಕಟ್ಟು ಹಿಡ್ಕೊಂಡು, ಇಲ್ಲಿ, ಇಲ್ಲಿ, ಇಲ್ಲಿ ಅಂತ ಒತ್ತಿಸಿದ. ಎರಡು ದಿನ ಅವಳ ಬೆರಳಿನ ಕಪ್ಪು ಹೋಗಲಿಲ್ಲ.

ಈ ವರ್ಷ ನನ್ನ ಕೆಮ್ಮು ಜಾಸ್ತಿಯಾಯ್ತು. ಆಸಿಡ್ ಹೊಗೆ ಎದ್ದ ತಕ್ಷಣ ಎದೆ ಹಿಡ್ಕೊಳ್ಳುತ್ತೆ. ಗೋಡೆ ಹಿಡಿದು ಕೂತುಬಿಡ್ತೀನಿ. ನಾನು ತೊಳೆಯೋ ಮಹಡಿಯ ಡಾಕ್ಟರೇ ಎದೆ ಫೋಟೋ ತೆಗೆಸಿ ನೋಡಿದರು. "ಆಸಿಡ್ ಹತ್ತಿರ ಇನ್ನು ಹೋಗಲೇಬೇಡ. ಹೋದ್ರೆ ಎರಡು ವರ್ಷ ಗ್ಯಾರಂಟಿ ಕೊಡಲ್ಲ" ಅಂದರು. ನಾನು ಹೆದರಲಿಲ್ಲ. ಡೆಪಾಸಿಟ್ಟು ಇತ್ತಲ್ಲ. ಬಡ್ಡೀಲಿ ಕೋಣೆ ಬಾಡಿಗೆ, ನಾದಿನಿ ಸಂಬಳದಲ್ಲಿ ಊಟ. ನಮ್ಮ ಕೆಲಸ ನೋಡ್ಕೊಳ್ಳೋ ಮೇಸ್ತ್ರಿ ಹತ್ತಿರ ಹೋಗಿ, ತಿಂಗಳ ಕೊನೆಗೆ ಬ್ರಷ್ಷು ಕೆಳಗಿಡ್ತೀನಿ ಅಂತ ಹೇಳೂ ಹೇಳಿದೆ. ಆ ಮಾತು ಹೇಳೋವಾಗ ನನಗೆ ಆದ ಸಂತೋಷ ಇನ್ನೊಬ್ಬರಿಗೆ ಹೇಳೋಕಾಗಲ್ಲ.

ವರ್ಷ ತುಂಬಿದ ದಿನ ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿ ಹೊಸ ಹೆಂಗಸು ಇದ್ದಳು. ಕಂಪ್ಯೂಟರ್ ನೋಡಿದಳು.

"ನಿಮ್ಮ ಹೆಸರಲ್ಲಿ ಡೆಪಾಸಿಟ್ ಇಲ್ಲವಲ್ಲ."

"ಸರಿಯಾಗಿ ನೋಡವ್ವ."

"ಪಾಲಿಸಿ ಇದೆ. ವಿಮೆ. ಹತ್ತು ವರ್ಷದ್ದು. ಈ ವರ್ಷದ ಕಂತು ಈ ತಿಂಗಳೊಳಗೆ ಕಟ್ಟಬೇಕು. ಕಟ್ಟದಿದ್ರೆ ಹಾಕಿದ್ದೂ ಬರಲ್ಲ."

ಕಂತು ಎಷ್ಟು ಅಂತ ಕೇಳಿದೆ. ನನ್ನ ಗಂಟಷ್ಟೇ. ವರ್ಷ ವರ್ಷ ಅಷ್ಟು. ಅಲ್ಲ, ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ ಕೂಡಿದ್ದನ್ನ ವರ್ಷಕ್ಕೊಂದು ಸಲ ಎಲ್ಲಿಂದ ತರಲಿ? ಕೌಂಟರಿನ ಹೆಂಗಸು ಒಳ್ಳೆಯವಳು, ಪಾಲಿಸಿಗೆ ಹಾಕಿದ ಅರ್ಜಿಯ ನಕಲು ತೆಗೆದು ಕೊಟ್ಟಳು. ಅದನ್ನ ಯೂನಿಫಾರ್ಮಿನ ಜೇಬಿಗೆ ಹಾಕ್ಕೊಂಡು ಬಂದೆ. ನಾದಿನಿಗೆ ಬಿಟ್ರೆ ಯಾರಿಗೂ ಹೇಳಲಿಲ್ಲ, ದಪ್ಪಕ್ಕನಿಗೂ ಹೇಳಲಿಲ್ಲ. ನಾಚಿಕೆ ಆಯ್ತು. ಮೋಸ ಮಾಡಿದವನಿಗೆ ನಾಚಿಕೆ ಇಲ್ಲ, ನನಗೆ ನಾಚಿಕೆ.

ಆಸ್ಪತ್ರೆ ಬಾಗಿಲಲ್ಲಿ ಔಷಧಿ ಅಂಗಡಿ ಇದೆ. ನಾಲ್ಕು ದಿನ ಆದ ಮೇಲೆ ಅಲ್ಲಿನ ಅಣ್ಣನ ಹತ್ತಿರ ಓದಿಸಿದೆ. ನಾದಿನಿಯೂ ನಿಂತಿದ್ದಳು. ಅಣ್ಣ ಓದುತ್ತಾ ಹೋದ.

"ಉದ್ಯೋಗ: ಗೃಹಿಣಿ. ಅಪಾಯಕಾರಿ ಕೆಲಸ: ಇಲ್ಲ. ಕೆಮ್ಮು, ದಮ್ಮು, ಎದೆನೋವು: ಇಲ್ಲ, ಇಲ್ಲ, ಇಲ್ಲ."

"ಇದೇನಣ್ಣ, ನನ್ನನ್ನ ರಾಣಿ ಮಾಡಿಬಿಟ್ಟಿದ್ದಾನೆ!" ಅಂದೆ.

"ನಗಬೇಡಕ್ಕ. ನಾಳೆ ನೀನು ಎದೆ ಕಟ್ಟಿ ಸತ್ರೂ ಇವರು ಬಿಡಿಗಾಸು ಕೊಡಲ್ಲ. ಸುಳ್ಳು ಬರೆಸಿದ್ದೀಯ ಅಂತಾರೆ." ಹಾಳೆ ತಿರುಗಿಸಿದ. ಕೊನೆಯಲ್ಲಿ ಬೆರಳಿಟ್ಟು ತೋರಿಸಿದ. "ಈ ಹೆಬ್ಬೆಟ್ಟು ನಿನ್ನದಾ?"

ನೋಡಿದೆ. ಸುಳಿ ಸುಳಿಯಾಗಿ ಗೆರೆ. ಒಂದೊಂದು ಗೆರೆಯೂ ಎಣಿಸಬಹುದು. ನನ್ನ ಹೆಬ್ಬೆಟ್ಟು ಎತ್ತಿ ಅಣ್ಣನ ಮುಖದ ಮುಂದೆ ಹಿಡಿದೆ. ಅವನು ಕನ್ನಡಕ ತೆಗೆದು ನೋಡಿದ, ಹಾಕ್ಕೊಂಡು ನೋಡಿದ. "ಅಕ್ಕ, ನೀನು ಗೆದ್ದೆ" ಅಂದ. "ಇದು ನಿನ್ನದಲ್ಲ ಅಂತ ಕುರುಡನೂ ಹೇಳ್ತಾನೆ. ಹೋಗಿ ಮ್ಯಾನೇಜರ್ ಮುಂದೆ ಒತ್ತಿ ತೋರಿಸು."

ನಾನು ಓಡಿದೆ. ಬುದ್ಧಿ ಇದ್ದಿದ್ರೆ ಓಡ್ತಿರಲಿಲ್ಲ. ನಾದಿನಿ "ಅತ್ತಿಗೆ, ನಿಲ್ಲು, ಅತ್ತಿಗೆ" ಅಂತ ಹಿಂದೆ ಬರ್ತಿದ್ದಳು. ಬಿಸಿಲಲ್ಲಿ ಓಡಿದ್ರೆ ನನಗೆ ದಮ್ಮು ಹಿಡಿಯುತ್ತೆ ಅಂತ ಕರೀತಿದ್ದಾಳೆ ಅಂದ್ಕೊಂಡೆ.

ಮ್ಯಾನೇಜರ್ ಕೋಣೆಗೆ ಗಾಜಿನ ಗೋಡೆ. ಒಳಗೆ ಕುರ್ಚಿ ಎರಡು ಖಾಲಿ ಇದ್ದವು, ಕೂರು ಅನ್ನಲಿಲ್ಲ. ನನ್ನ ಯೂನಿಫಾರ್ಮ್ ವಾಸನೆಗೆ ಫ್ಯಾನು ಜಾಸ್ತಿ ಮಾಡಿದ.

"ಪಾಲಿಸಿ ಬೇಡ ಅಂದ್ರೆ ಹದಿನೈದು ದಿನದೊಳಗೆ ಹೇಳಬೇಕಿತ್ತು."

"ಇದೆ ಅಂತಲೇ ಗೊತ್ತಿಲ್ಲದ್ದನ್ನ ಬೇಡ ಅನ್ನೋದು ಹೆಂಗೆ ಸಾರ್?"

"ಓದಿ ಹೇಳಿದ್ದಾರೆ. ನೀನೇ ಹೆಬ್ಬೆಟ್ಟು ಒತ್ತಿದ್ದೀಯ."

ಇದನ್ನೇ ಕಾಯ್ತಿದ್ದೆ. ಅವನ ಮೇಜಿನ ಮೇಲಿನ ಇಂಕ್ ಪ್ಯಾಡಿಗೆ ಒತ್ತಿ, ಅವನದೇ ಬಿಳಿ ಹಾಳೆ ಮೇಲೆ ಒತ್ತಿದೆ. ಮಚ್ಚೆ. ಪಕ್ಕದಲ್ಲಿ ಅರ್ಜಿ ಇಟ್ಟೆ. "ತಾಳೆ ನೋಡಿ" ಅಂದೆ. ಅವನ ಮುಖದ ಬಣ್ಣ ಇಳೀತು. ನಗುಮುಖನನ್ನ ಕರೆಸಿದ. ನಗುಮುಖನ ಮುಖದಲ್ಲಿ ಅವತ್ತು ಮೊದಲನೇ ಸಲ ಹಲ್ಲು ಕಾಣಲಿಲ್ಲ. ಅವನು ಬಗ್ಗಿ ಮ್ಯಾನೇಜರ್ ಕಿವಿಯಲ್ಲಿ ಏನೋ ಹೇಳಿದ. ಮ್ಯಾನೇಜರ್ ನಿಧಾನಕ್ಕೆ ಒರಗಿ ಕೂತ.

"ಸರಿ. ಇದು ನಿನ್ನದಲ್ಲ. ಹಾಗಾದ್ರೆ ಯಾರದ್ದು?"

ತಿರುಗಿ ನೋಡಿದೆ. ಹಿಂದೆ ನಿಂತಿದ್ದ ನಾದಿನಿ ಕೈಯನ್ನ ಯೂನಿಫಾರ್ಮಿನ ಜೇಬಿಗೆ ತುರುಕ್ಕೊಂಡಳು. ಅವಳು ಯಾಕೆ ನಿಲ್ಲು ನಿಲ್ಲು ಅಂದಿದ್ದು ಅಂತ ಆಗ ಹೊಳೀತು.

"ಇನ್ನೊಬ್ಬರ ಹೆಸರಲ್ಲಿ ಹೆಬ್ಬೆಟ್ಟು ಒತ್ತೋದು ಏನು ಗೊತ್ತಾ? ಜೈಲು. ಒಂದಲ್ಲ, ಹತ್ತು ಅರ್ಜಿ. ಈಗ್ಲೇ ಪೊಲೀಸರಿಗೆ ಫೋನ್ ಮಾಡ್ಲಾ?" ಅಂದ. ಅವನು ನನ್ನನ್ನ ನೋಡ್ತಿರಲಿಲ್ಲ, ಅವಳ ಜೇಬು ನೋಡ್ತಿದ್ದ. "ನಾಳೆ ಹನ್ನೊಂದಕ್ಕೆ ಬಾ. ಇದು ನನ್ನದೇ ಹೆಬ್ಬೆಟ್ಟು, ಪಾಲಿಸಿ ಒಪ್ಪಿಗೆಯಿಂದ ತಗೊಂಡಿದ್ದೀನಿ ಅಂತ ಒಂದು ಪತ್ರ ಬರೆಸಿಟ್ಟಿರ್ತೀನಿ. ಒಪ್ಕೊಂಡ್ರೆ ಎಲ್ಲರೂ ಬಚಾವ್. ಇಲ್ಲ ಅಂದ್ರೆ ನಿಮ್ಮ ಮನೆ ಹೆಣ್ಣು ಲಾಕಪ್ಪಿಗೆ."

ಕೋಣೆಗೆ ಬಂದು ನಾದಿನಿ ಸ್ಟೋವು ಹಚ್ಚಿದಳು, ಆರಿಸಿದಳು.

"ನಾನು ಒಪ್ಕೊಂಡುಬಿಡ್ತೀನಿ ಅತ್ತಿಗೆ. ನಿನ್ನ ದುಡ್ಡು ಬರಲಿ."

"ಮುಚ್ಚೇ ಬಾಯಿ. ನಿನ್ನನ್ನ ಜೈಲಿಗೆ ಹಾಕಿ ನಾನು ಬಡ್ಡಿ ತಿನ್ನಲಾ?"

"ಆಸಿಡ್ ಕುಡಿದು ಸಾಯ್ತೀಯ ಹಂಗಾದ್ರೆ?"

"ಕುಡಿಯೋದೇನು ಬಂತು. ಮೂಸಿದ್ರೆ ಸಾಕು." ನಾನು ತಮಾಷೆಗೆ ಅಂದಿದ್ದು. ಅವಳು ಅತ್ತಳು. ನಾನೂ ಅತ್ತೆ. ಸಿಟ್ಟಿಗೆ ಅತ್ತಿದ್ದು. ಯಾರ ಮೇಲೆ ಸಿಟ್ಟು ಅಂದ್ರೆ ಅವಳ ಮೇಲೂ ಒಂಚೂರು ಇತ್ತು, ಸುಳ್ಳು ಯಾಕೆ ಹೇಳಲಿ. ಇಂಥ ಒಳ್ಳೇ ಬೆರಳು ಯಾಕೆ ಇಟ್ಕೊಂಡಿದ್ದೀಯೇ ಅಂತ. ಅವರು ಮಾಡಿದ್ದು ಅದನ್ನೇ ತಾನೆ. ಒಂದೇ ಕೋಣೇಲಿ ಉಣ್ಣೋ ಇಬ್ಬರನ್ನ ಎದುರುಬದುರು ನಿಲ್ಲಿಸಿದ್ದು.

ಪತ್ರಕ್ಕೆ ಒತ್ತೋದು ಅಂತ ತೀರ್ಮಾನ ಮಾಡಿದೆ.

ಮಾರನೇ ದಿನ ಆ ಹೊತ್ತಿನ ಪಾಳಿಗೆ ರಜೆ ಕೇಳಿ ಹನ್ನೊಂದಕ್ಕೆ ಹೋದೆವು. ಸಂಬಳದ ವಾರ. ಬ್ಯಾಂಕು ತುಂಬ ಜನ. ಪತ್ರ ನಗುಮುಖನ ಮೇಜಿನ ಮೇಲಿತ್ತು, ಬ್ಯಾಂಕಿನ ನಟ್ಟನಡುವೆ. ಅವನು ಓದಿದ. "ಸದರಿ ಪಾಲಿಸಿಯನ್ನು ನಾನು ಸ್ವಂತ ಇಚ್ಛೆಯಿಂದ, ಓದಿಸಿ ಕೇಳಿ ತಿಳಿದು, ಪಡೆದಿರುತ್ತೇನೆ. ಅರ್ಜಿಯ ಮೇಲಿನ ಹೆಬ್ಬೆಟ್ಟಿನ ಗುರುತು ನನ್ನದೇ ಆಗಿರುತ್ತದೆ." ಹಲ್ಲು ಕಚ್ಚಿ ಪ್ಯಾಡಿಗೆ ಒತ್ತಿ ಪತ್ರದ ಮೇಲೆ ಒತ್ತಿದೆ. ಮಚ್ಚೆ ಬಿತ್ತು.

ಮ್ಯಾನೇಜರ್ ಹಿಂದೆ ಬಂದು ನಿಂತಿದ್ದ. ಹುಬ್ಬು ಗಂಟು ಹಾಕಿದ. "ಇದು ಆಗಲ್ಲ. ಅರ್ಜಿಯಲ್ಲಿರೋದಕ್ಕೂ ಇದಕ್ಕೂ ತಾಳೆ ಆಗಬೇಕಲ್ಲ" ಅಂದ. ನಗುಮುಖ ಆ ಪತ್ರ ಹರಿದು, ಇನ್ನೊಂದು ಪ್ರತಿ ತೆಗೆದ. ಆಮೇಲೆ ಒಂದು ಕ್ಷಣವೂ ಯೋಚನೆ ಮಾಡದೆ ಕೈ ಚಾಚಿ ನಾದಿನಿಯ ಮಣಿಕಟ್ಟು ಹಿಡಿದ. ಮೂರು ವರ್ಷದ ಅಭ್ಯಾಸ. ಪ್ಯಾಡಿನ ಹತ್ತಿರ ಎಳೆದ.

"ಬಿಡ್ರೀ ಕೈ!"

ನಾದಿನಿ ಹಂಗೆ ಕೂಗಿದ್ದನ್ನ ನಾನು ಯಾವತ್ತೂ ಕೇಳಿರಲಿಲ್ಲ. ಇಡೀ ಬ್ಯಾಂಕು ತಿರುಗಿ ನೋಡಿತು.

"ನಿನ್ನೆ ಈ ಹೆಬ್ಬೆಟ್ಟಿಗೆ ಜೈಲು ಅಂದ್ರಿ. ಇವತ್ತು ಇದೇ ಹೆಬ್ಬೆಟ್ಟು ಬೇಕಾ ನಿಮಗೆ? ಕರೀರಿ ಪೊಲೀಸರನ್ನ. ಹತ್ತು ಅರ್ಜಿಗೂ ಒತ್ತಿದವಳು ನಾನೇ. ಕೈ ಹಿಡಿದು ಒತ್ತಿಸಿದವನು ಈತ. ಈಗ್ಲೂ ಹಿಡ್ಕೊಂಡೇ ಇದ್ದಾನೆ, ಎಲ್ಲಾ ನೋಡ್ಕೊಳ್ಳಿ!"

ಅವನು ಕೆಂಡ ಮುಟ್ಟಿದವನ ಹಾಗೆ ಕೈ ಬಿಟ್ಟ. ಸಾಲಿನಲ್ಲಿದ್ದ ಒಬ್ಬ ಮುದುಕ ತನ್ನ ಪಾಸ್‌ಬುಕ್ಕು ಎತ್ತಿ ಕೌಂಟರಿನವಳಿಗೆ, "ತಾಯಿ, ನಂದೂ ಒಂಚೂರು ನೋಡು, ಡೆಪಾಸಿಟ್ಟಾ, ಪಾಲಿಸಿನಾ?" ಅಂದ. ಅವನ ಹಿಂದಿನವನೂ ಪಾಸ್‌ಬುಕ್ಕು ತೆಗೆದ. ಮ್ಯಾನೇಜರ್ ನಮ್ಮಿಬ್ಬರನ್ನ ಗಾಜಿನ ಕೋಣೆಗೆ ಕರ್ಕೊಂಡು ಹೋಗಿ ಬಾಗಿಲು ಹಾಕಿದ. ಈ ಸಲ ಕುರ್ಚಿ ತಾನೇ ಎಳೆದ. "ಕೂತ್ಕೊಳ್ಳಿ ಅಮ್ಮ" ಅಂದ.

ಹತ್ತು ನಿಮಿಷದಲ್ಲಿ ಹೊಸ ಪತ್ರ ಬಂತು. ಪಾಲಿಸಿ ರದ್ದು, ಗಂಟು ಪೂರ್ತಿ ವಾಪಸ್, ಸಹಾನುಭೂತಿಯ ಮೇಲೆ ಅಂತ. ತಪ್ಪಿನ ಮಾತೇ ಇಲ್ಲ. "ನಿಮ್ಮದೊಂದನ್ನೇ ಮಾಡ್ಕೊಡ್ತಿದ್ದೀನಿ. ಬೇರೆ ಒಂಬತ್ತು ಜನಕ್ಕೆ ಹೇಳಬಾರದು. ಅವರೇನು ಬಂದು ಕೇಳಿಲ್ಲವಲ್ಲ" ಅಂದ. ಇಂಕ್ ಪ್ಯಾಡು ನನ್ನ ಕಡೆ ಸರಿಸಿದ.

ಆಸೆ ಆಯ್ತು. ಕೈ ಆಗಲೇ ಎದ್ದಿತ್ತು. ಒಂದು ಸಲ ಒತ್ತಿದ್ರೆ ಬ್ರಷ್ಷು ಕೆಳಗೆ. ಆಸಿಡ್ ಇಲ್ಲ, ಹೊಗೆ ಇಲ್ಲ. ಬೆಳಿಗ್ಗೆ ಆರಕ್ಕೆ ಹಾಸಿಗೆಯಲ್ಲಿ ಮಲಗಿ ಉಸಿರಾಡಬಹುದು, ಬರೀ ಉಸಿರು. ನಾದಿನಿ ನನ್ನ ಮುಖ ನೋಡಲಿಲ್ಲ. ಒತ್ತು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

"ನಂದೇ ಒತ್ತಲಾ ಸಾರ್? ಮಚ್ಚೆ ಬರುತ್ತೆ" ಅಂದೆ.

"ಪರವಾಗಿಲ್ಲ ಅಮ್ಮ. ಮಚ್ಚೆ ಆದ್ರೂ ನಡೆಯುತ್ತೆ."

ಆ ಮಾತು ಕೇಳಿದ್ದೇ ತಡ, ನನಗೆ ಏನಾಯ್ತೋ ಗೊತ್ತಿಲ್ಲ. ನಡೆಯುತ್ತಾ? ಇಷ್ಟು ವರ್ಷ ನನ್ನ ಸ್ವಂತ ಸಂಬಳ ತೆಗೆಯೋಕೆ ನಡೀಲಿಲ್ಲ. ಕೈ ತೊಳ್ಕೊಂಡು ಬಾ ಅಂತ ನಾಯಿ ಅಟ್ಟಿದ ಹಾಗೆ ಅಟ್ಟಿದ್ರಿ. ಇವತ್ತು ನಿಮ್ಮ ಕುತ್ತಿಗೆಗೆ ಬಂದ ತಕ್ಷಣ ನನ್ನ ಹೆಬ್ಬೆಟ್ಟು ಹೆಬ್ಬೆಟ್ಟಾಯ್ತಾ? ಮೇಲಿನ ಆಫೀಸು ಎಲ್ಲಿ ಹೋಯ್ತು? ಮನಸ್ಸಲ್ಲಿ ಅಂದ್ಕೊಂಡಿದ್ದಲ್ಲ, ಕೂಗೇ ಅಂದೆ. ಗಾಜಿನ ಆಚೆ ಇದ್ದವರಿಗೂ ಕೇಳಿಸಿತು. ಮಧ್ಯೆ ಕೆಮ್ಮು ಬಂತು. ಕೆಮ್ಮಿಕೊಂಡೇ ಬೈದೆ.

"ಹತ್ತು ಪತ್ರ ಮಾಡಿಸಿ. ಹತ್ತು ಮಚ್ಚೆ ಒತ್ತುತ್ತೀವಿ. ತಪ್ಪು ನಮ್ಮದು ಅಂತ ಬ್ಯಾಂಕು ಬರೆಯಬೇಕು. ಸಹಾನುಭೂತಿ ನಿಮ್ಮ ಹತ್ರ ಇಟ್ಕೊಳ್ಳಿ."

"ಹಾಗಾದ್ರೆ ನಿಂದೂ ಇಲ್ಲ" ಅಂದ ಮ್ಯಾನೇಜರ್. ಅಮ್ಮ ಹೋಗಿ ಮತ್ತೆ ನೀನು ಬಂತು.

"ಬೇಡ" ಅಂದೆ.

ಹೊರಗೆ ಬಂದೆವು. ಕಟ್ಟೆ ಮೇಲೆ ಕೂತೆ. ನಾದಿನಿ ನೀರು ಕೊಟ್ಟಳು. "ಹುಚ್ಚಿ" ಅಂದಳು. ಹೌದು, ಹುಚ್ಚಿಯೇ. ಬದುಕನ್ನ ಮೇಜಿನ ಮೇಲೆ ಬಿಟ್ಟು ಬಂದವಳನ್ನ ಇನ್ನೇನಂತಾರೆ.

ಮೂರರ ಪಾಳಿ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. ಅವರಿಗೆ ನಂಬೋಕೇ ಆಗಲಿಲ್ಲ. ಒಬ್ಬಳು ಮಗಳ ಮನೆ ಚಾವಣಿಗೆ ಅಂತ ಇಟ್ಟಿದ್ದಳು, ಒಬ್ಬಳು ಗಂಡನ ಕಾಲಿನ ಆಪರೇಷನ್ನಿಗೆ. ದಪ್ಪಕ್ಕ ಎದ್ದು ಬಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲವೇ, ಯಾಕೆ?" ಬೈಸ್ಕೊಂಡೆ. ಬೈಸ್ಕೊಳ್ಳೋ ಕೆಲಸವೇ ಮಾಡಿದ್ದೆ. ಆಮೇಲೆ ಅವಳೇ ಕೇಳಿದಳು, ಬ್ಯಾಂಕು ಎಷ್ಟು ಹೊತ್ತಿಗೆ ತೆಗೀತಾರೆ ಅಂತ.

ಮಾರನೇ ದಿನ ಆರಕ್ಕೆ ಎಲ್ಲರೂ ಅವರವರ ಮಹಡಿಯಲ್ಲಿದ್ದೆವು. ಹದಿನಾಲ್ಕೂ ತೊಳೆದೆ. ನಾಲ್ಕು ಸಲ ಗೋಡೆ ಹಿಡಿದು ಕೂತೆ. ಹನ್ನೊಂದಕ್ಕೆ ಎರಡನೇ ಸಲ ತೊಳೆಯೋ ಹೊತ್ತಿಗೆ ಆಸಿಡ್ ಬಾಟ್ಲಿ ಕೈಯಲ್ಲಿ ಹಿಡ್ಕೊಂಡೇ ಮೆಟ್ಟಿಲ ಹತ್ತಿರ ಬಂದೆ. ಮೇಲಿನ ಮಹಡಿಯವರು ಬ್ಯಾಂಕಿಗೆ ಹೊರಟು ಇಳಿದು ಬರ್ತಿದ್ದರು. ಕೆಳಗೆ ಬಟ್ಟೆ ಕೋಣೆ ಬಾಗಿಲು ಹಾಕಿ ನಾದಿನಿ ಕಾಯ್ತಿದ್ದಳು. ಮೇಸ್ತ್ರಿ ಓಡಿ ಬಂದು ಮೆಟ್ಟಿಲಿಗೆ ಅಡ್ಡ ನಿಂತ. ಹತ್ತೂ ಜನರನ್ನ ಇವತ್ತೇ ಕಿತ್ತುಹಾಕ್ತೀನಿ ಅಂದ. ನಿಮಗೆ ಬೇಡವಾದ್ರೆ ಈ ಕೆಲಸಕ್ಕೆ ಹೊರಗೆ ಜನ ಸಾಲಾಗಿ ನಿಂತಿದ್ದಾರೆ ಅಂದ. ನಾವು ನಿಲ್ಲಲಿಲ್ಲ. ಅವನಿಗೆ ದಿಕ್ಕು ತೋಚಲಿಲ್ಲ.

"ಎರಡನೇ ಮಹಡಿ ಕಕ್ಕಸು ಯಾರೇ ತೊಳೀತಾರೆ?" ಅಂತ ಕಿರುಚಿದ.

"ಹೇತವರು" ಅಂದೆ. ಬಾಟ್ಲಿ ಅವನ ಕೈಗಿಟ್ಟು ಮೆಟ್ಟಿಲು ಇಳಿದೆ.